ಸ್ವೀಡಿಷ್ ಡೆತ್ ಮೆಟಲ್: ಹೊಸ ಬ್ಯಾಂಡುಗಳೆಲ್ಲ ಒಂದೇ ಥರ ಕೇಳಿಸ್ತಿವೆ, ನಿಮಗೂ ಹಾಗೇನಾ?

ತಂತಿ_ತಮಟೆ:
ಈಚೆಗೆ ಹೊಸ ಸ್ವೀಡಿಷ್ ಡೆತ್ ಮೆಟಲ್ (ಭಾರದ ಗಿಟಾರ್, ಗರ್ಜಿಸುವ ಗಂಟಲಿನ ಮೆಟಲ್ ಸಂಗೀತ) ಆಲ್ಬಮ್‌ಗಳನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದೇನೆ. ಹೊಸದು ಅಂದರೆ ಕಳೆದ ಹತ್ತು ಹದಿನೈದು ವರ್ಷದಲ್ಲಿ ಬಂದವು. ಒಂದು ಮುಗಿದು ಇನ್ನೊಂದು ಶುರುವಾಗಿದ್ದೇ ಗೊತ್ತಾಗುವುದಿಲ್ಲ. ಅದೇ ಗರಗಸದ ಗಿಟಾರ್. ಅದೇ ಸಮಾಧಿ, ಅದೇ ಕೊಳೆತ ಹೆಣದ ಸಾಹಿತ್ಯ. ಹಾಡಿನ ನಡುವೆ ಅದೇ ಜಾಗದಲ್ಲಿ ವೇಗ ಇಳಿಯುತ್ತದೆ, ಅದೇ ಜಾಗದಲ್ಲಿ ಮತ್ತೆ ಏರುತ್ತದೆ.

ಆಮೇಲೆ ಎಂಟೂಮ್ಡ್ ಬ್ಯಾಂಡಿನ 'ಲೆಫ್ಟ್ ಹ್ಯಾಂಡ್ ಪಾತ್' ಆಲ್ಬಮ್ ಹಾಕಿದೆ. 1990ರದ್ದು. ಗಿಟಾರ್ ಸೌಂಡ್ ಅದೇ! ಇವರೆಲ್ಲ ಕದ್ದಿದ್ದೇ ಅಲ್ಲಿಂದ. ಆದರೂ ಅದನ್ನು ಕೇಳಿದರೆ ಇವತ್ತಿಗೂ ಮೈ ಝುಂ ಅನ್ನುತ್ತದೆ, ಇವು ಬಂದ ವಾರವೇ ಹಳಸಿದ ಹಾಗೆ ಅನ್ನಿಸುತ್ತವೆ. ಸೌಂಡ್ ಒಂದೇ ಆದಾಗ ವ್ಯತ್ಯಾಸ ಎಲ್ಲಿದೆ? ಮೊದಲು ಕೇಳಿದ್ದು ಅನ್ನೋ ಮೋಹವಾ, ಅಥವಾ ನಿಜವಾಗಿ ಏನೋ ಕಳೆದುಹೋಗಿದೆಯಾ? ಗೊತ್ತಿರುವವರು ಹೇಳಿ.

ಹಾಸನದ ಹೆಡ್‌ಬ್ಯಾಂಗರ್:
ಕಳೆದುಹೋಗಿದೆ. ಮುಂದಿನ ಪ್ರಶ್ನೆ?

ಗಿಟಾರ್_ಗಿರಿ:
ಎಲ್ಲಾ ಆ ಪೆಡಲ್ ಮಹಿಮೆ ಗುರು, ಗಿಟಾರ್ ಸೌಂಡ್ ಬದಲಿಸೋಕೆ ಕಾಲಲ್ಲಿ ಒತ್ತುವ ಡಬ್ಬಿ. ಬಾಸ್ ಕಂಪನಿಯ ಎಚ್‌ಎಂ-2. ಕಪ್ಪು ಡಬ್ಬಿ, ಮೇಲೆ ಕಿತ್ತಳೆ ಅಕ್ಷರ. ಒಟ್ಟು ನಾಲ್ಕು ನಾಬ್: ಲೆವೆಲ್, ಕಲರ್ ಮಿಕ್ಸ್‌ನಲ್ಲಿ ಲೋ ಮತ್ತು ಹೈ, ಕೊನೆಗೆ ಡಿಸ್ಟಾರ್ಷನ್, ಅಂದರೆ ದನಿಯನ್ನು ಒಡೆದು ಒರಟು ಮಾಡೋದು. ನಾಲ್ಕನ್ನೂ ಬಲಕ್ಕೆ ತಿರುಗಿಸಿ, ಇನ್ನು ತಿರುಗಲ್ಲ ಅನ್ನುವವರೆಗೆ. ಆಯ್ತು, ನಿಮ್ಮದೂ ಸ್ಟಾಕ್‌ಹೋಮ್ ಸೌಂಡ್!

ಯಾಕೆ ಹಾಗೆ ಕೇಳಿಸುತ್ತೆ ಅಂದರೆ, ಅದರೊಳಗೆ ಡಿಸ್ಟಾರ್ಷನ್ ಆದ ಮೇಲೆ ಒಂದು ಜೋರಾದ ಈಕ್ವಲೈಸರ್ (ತಗ್ಗು, ನಡು, ಮೇಲು ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಭಾಗ) ಇದೆ. ಲೋ ನಾಬ್ ತಳದ ಬೇಸ್ ಎತ್ತುತ್ತೆ. ಹೈ ನಾಬ್ ಹೆಸರಿಗೆ ಮಾತ್ರ ಹೈ, ಅದು ನಿಜಕ್ಕೂ ಎತ್ತುವುದು 1000 ಹರ್ಟ್ಸ್ ಸುತ್ತಮುತ್ತಲಿನ ನಡು ದನಿಯನ್ನು. ಆ ಗರ್ರ್ ಅನ್ನೋ ಗರಗಸ ಇರೋದು ಅಲ್ಲೇ. ಗಿಟಾರನ್ನು ಬಿ ಸ್ವರದ ತನಕ ಇಳಿಸಿ ಟ್ಯೂನ್ ಮಾಡಿದರೆ ಅಂತೂ ತಂತಿ ಸಡಿಲವಾಗಿ ಇನ್ನೂ ಕೊಳಕಾಗಿ ಕೇಳಿಸುತ್ತೆ.

1983ರಲ್ಲಿ ಬಂತು, 1991ರಲ್ಲಿ ನಿಲ್ಲಿಸಿದರು. ಹಳೆಯದಕ್ಕೆ ಬೆಲೆ ಏರಿ ಏರಿ, ಕೊನೆಗೆ 2021ರಲ್ಲಿ ಕಂಪನಿಯೇ ಮತ್ತೆ ಹೊಸದಾಗಿ ಬಿಟ್ಟಿತು. ಈಗ ಲ್ಯಾಪ್‌ಟಾಪ್‌ನಲ್ಲಿ ಅದೇ ಸೌಂಡ್ ಕೊಡುವ ಪ್ಲಗಿನ್ ಸಾಫ್ಟ್‌ವೇರ್ ಕೂಡ ಸಿಗುತ್ತೆ. ಯಾರು ಬೇಕಾದರೂ ಸಂಜೆಯೊಳಗೆ ಆ ಸೌಂಡ್ ತೆಗೆಯಬಹುದು. ಅಂದ ಮೇಲೆ ಎಲ್ಲರೂ ಒಂದೇ ಥರ ಕೇಳಿಸದೆ ಇನ್ನೇನು?

ನಿಶಾಚರ91:
ಸುಮ್ನೆ ಒಂದು ವಿಷಯ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಕೂಡ 80ರ ದಶಕದಲ್ಲಿ ಎಚ್‌ಎಂ-2 ಇಟ್ಟುಕೊಂಡಿದ್ದರು. ಅದೇ ಡಬ್ಬಿ!

ಗಿಟಾರ್_ಗಿರಿ:
ಹೌದು, ಆದರೆ ಅವರು ನಾಲ್ಕೂ ನಾಬ್ ಕೊನೆಗೆ ತಿರುಗಿಸಲಿಲ್ಲ ಅಲ್ವಾ.

ಡಿಬೀಟ್_ದಾಸ:
ಗಿರಿ, ನಿಮ್ಮ ಮಾತಿನಲ್ಲೇ ಉತ್ತರ ಇದೆ, ಆದರೆ ನೀವು ಹೇಳಿದ ಉತ್ತರ ಅಲ್ಲ. ಗಿಲ್ಮೋರ್ ಕೈಯಲ್ಲಿ ಅದೇ ಡಬ್ಬಿ ಬೇರೆ ಕೇಳಿಸಿತು ಅಂದರೆ ಡಬ್ಬಿಯನ್ನು ಬೈದು ಪ್ರಯೋಜನ ಇಲ್ಲ.

ಪೆಡಲ್ ಎಲ್ಲರ ಹತ್ತಿರ ಆಗಲೂ ಇತ್ತು. ಎಂಟೂಮ್ಡ್, ಡಿಸ್ಮೆಂಬರ್, ಗ್ರೇವ್, ಕಾರ್ನೇಜ್, ಎಲ್ಲರೂ ರೆಕಾರ್ಡ್ ಮಾಡಿದ್ದು ಸ್ಟಾಕ್‌ಹೋಮ್‌ನ ಒಂದೇ ಸನ್‌ಲೈಟ್ ಸ್ಟುಡಿಯೋದಲ್ಲಿ, ಟೊಮಾಸ್ ಸ್ಕೊಗ್ಸ್‌ಬರ್ಗ್ ಎನ್ನುವ ಒಬ್ಬನೇ ಮನುಷ್ಯನ ಕೈಯಲ್ಲಿ. ಒಂದೇ ಊರು, ಒಂದೇ ಕೋಣೆ, ಒಂದೇ ಡಬ್ಬಿ. ಸಾಲದು ಅಂತ ಜನರೂ ಅವರೇ! ಕಾರ್ನೇಜ್‌ನ 1990ರ 'ಡಾರ್ಕ್ ರೆಕಲೆಕ್ಷನ್ಸ್'ನಲ್ಲಿ ಇದ್ದ ಫ್ರೆಡ್ ಎಸ್ಟ್‌ಬಿ, ಡೇವಿಡ್ ಬ್ಲೋಮ್‌ಕ್ವಿಸ್ಟ್, ಮಟ್ಟಿ ಕಾರ್ಕಿ ಮೂವರೂ ಮರುವರ್ಷ ಡಿಸ್ಮೆಂಬರ್ ಆಲ್ಬಮ್‌ನಲ್ಲಿ ಇದ್ದಾರೆ. ಅದೇ ಡಿಸ್ಮೆಂಬರ್ ಆಲ್ಬಮ್‌ನಲ್ಲಿ ಹೆಚ್ಚಿನ ಲೀಡ್ ಗಿಟಾರ್ ನುಡಿಸಿದ್ದು ಎಂಟೂಮ್ಡ್‌ನ ಡ್ರಮ್ಮರ್ ನಿಕೆ ಆಂಡರ್ಸನ್. ಇಷ್ಟೊಂದು ಕಲಸುಮೇಲೋಗರ ಆಗಿದ್ದರೂ ಆ ನಾಲ್ಕು ಬ್ಯಾಂಡ್‌ಗಳ ಆಲ್ಬಮ್ ಹಾಕಿ, ಒಂದು ನಿಮಿಷದಲ್ಲಿ ಯಾವುದು ಯಾವುದು ಅಂತ ಹೇಳಬಹುದು. ಈಗಿನ ನಾಲ್ಕು ಬ್ಯಾಂಡ್ ಹಾಕಿ, ಹೇಳಿ ನೋಡೋಣ.

ತಂತಿ_ತಮಟೆ:
ಇದೇ ನಾನು ಕೇಳ್ತಿರೋದು! ಹಾಗಾದರೆ ಹೇಗೆ ಗೊತ್ತಾಗುತ್ತೆ? ಏನು ಕೇಳಿ ಗುರುತು ಹಿಡಿಯುತ್ತೀರಿ?

ಡಿಬೀಟ್_ದಾಸ:
ಡ್ರಮ್ಸ್. ಮೊದಲು ಡ್ರಮ್ಸ್ ಕೇಳಿ. ಗಿಟಾರ್ ಕಡೆ ಗಮನ ಕೊಡಲೇಬೇಡಿ.

ಇವರೆಲ್ಲ ಡೆತ್ ಮೆಟಲ್ ಹುಡುಗರಾಗುವ ಮೊದಲು ಪಂಕ್ ಕೇಳುತ್ತಿದ್ದ ಹುಡುಗರು. ಸ್ವೀಡನ್‌ನಲ್ಲಿ 80ರ ದಶಕದ ಆರಂಭದಲ್ಲೇ ಆಂಟಿ ಸಿಮೆಕ್ಸ್, ಮಾಬ್ 47 ಥರದ ಹಾರ್ಡ್‌ಕೋರ್ ಪಂಕ್ ಬ್ಯಾಂಡುಗಳಿದ್ದವು. ಅವಕ್ಕೆ ಇಂಗ್ಲೆಂಡಿನ ಡಿಸ್ಚಾರ್ಜ್ ಗುರು. ಆ ಡಿಸ್ಚಾರ್ಜ್ ಬೀಟ್ ಇದೆಯಲ್ಲ, ನೂಕುತ್ತಾ ನೂಕುತ್ತಾ ಓಡುವ ಬೀಟು, ಅದು ಎಂಟೂಮ್ಡ್, ಡಿಸ್ಮೆಂಬರ್ ಹಾಡುಗಳ ಬೆನ್ನುಮೂಳೆ. ಅಮೆರಿಕದ ಫ್ಲಾರಿಡಾ ಬ್ಯಾಂಡುಗಳು ಡಬಲ್ ಬೇಸ್ (ಎರಡೂ ಕಾಲಲ್ಲಿ ಬೇಸ್ ಡ್ರಮ್) ಹೊಡೆತದಲ್ಲಿ ಕಟ್ಟುನಿಟ್ಟಾಗಿ ಓಡುತ್ತಿದ್ದಾಗ ಇವರು ತೂಗಾಡುತ್ತಾ ಬಾರಿಸುತ್ತಿದ್ದರು. ನಿಕೆ ಬಾರಿಸುವಾಗ ಒಂದು ಫಿಲ್ (ಬೀಟ್ ನಡುವೆ ತುಂಬುವ ಸಣ್ಣ ಓಟ) ಬಂದರೆ ಎಲ್ಲಿ ಬಿದ್ದುಹೋಗುತ್ತಾನೋ ಅನ್ನಿಸುತ್ತೆ, ಬೀಳಲ್ಲ. ಆತ 1994ರಲ್ಲಿ ಹೆಲಕಾಪ್ಟರ್ಸ್ ಅಂತ ರಾಕ್ ಆಂಡ್ ರೋಲ್ ಬ್ಯಾಂಡ್ ಕಟ್ಟಿದ್ದು ಸುಮ್ನೆ ಅಲ್ಲ, ಆ ರಾಕ್ ಅವನ ಕೈಯಲ್ಲಿ ಮೊದಲೇ ಇತ್ತು.

ಈಗಿನವರು ಗಿಟಾರ್ ಸೌಂಡ್ ತಗೊಂಡರು, ಡ್ರಮ್ಸನ್ನು ಕಂಪ್ಯೂಟರ್‌ನಲ್ಲಿ ಗೆರೆ ಎಳೆದು ಒಂದೊಂದು ಹೊಡೆತವನ್ನೂ ಸಾಲಿಗೆ ನಿಲ್ಲಿಸಿದರು. ಅಲ್ಲಿಗೆ ಜೀವ ಹೋಯ್ತು.

ಕರಾವಳಿ_ಕ್ರಸ್ಟ್:
ಡ್ರಮ್ಸ್ ವಿಷಯ ನೂರಕ್ಕೆ ನೂರು ಸರಿ ಮಾರಾಯ.

ಕ್ಯಾಸೆಟ್ ಕಾಲ:
ಸ್ವಲ್ಪ ಇತಿಹಾಸ ಹೇಳುತ್ತೇನೆ, ಹುಡುಗರಿಗೆ ಉಪಯೋಗ ಆಗಬಹುದು. ಆ ಸೌಂಡ್ ಎಂಟೂಮ್ಡ್‌ಗಿಂತ ಮೊದಲಿನದು. ನಿಹಿಲಿಸ್ಟ್ ಅಂತ ಬ್ಯಾಂಡ್ ಇತ್ತು, 1987ರಿಂದ 89ರವರೆಗೆ. ಆಲ್ಬಮ್ ಒಂದೂ ಇಲ್ಲ, ಬರೀ ಡೆಮೋ ಕ್ಯಾಸೆಟ್. ಅದರಲ್ಲಿದ್ದ ಲೀಫ್ ಕುಜ್ನರ್ ಎನ್ನುವ ಹುಡುಗ ಎಚ್‌ಎಂ-2 ಅನ್ನು ಹಾಗೆ ಪೂರ್ತಿ ತಿರುಗಿಸಿ ನುಡಿಸಲು ಶುರು ಮಾಡಿದ ಅಂತ ಆ ಬ್ಯಾಂಡಿನವರೇ ಹೇಳುತ್ತಾ ಬಂದಿದ್ದಾರೆ. ಆಮೇಲೆ ಅವನ ಕುಟುಂಬ ಕೆನಡಾಕ್ಕೆ ಹೋಯಿತು, ಅವನೂ ಹೋದ. ಎಂಟೂಮ್ಡ್ ಆಲ್ಬಮ್ ಬರುವಾಗ ಅವನು ಅಲ್ಲಿರಲಿಲ್ಲ. 2006ರಲ್ಲಿ ತೀರಿಕೊಂಡ. ಸಾವಿರಾರು ಜನ ಅವನ ಸೌಂಡ್ ನುಡಿಸುತ್ತಿದ್ದಾರೆ, ಹೆಸರು ಗೊತ್ತಿರುವವರು ಎಷ್ಟು ಮಂದಿ?

ನಿಹಿಲಿಸ್ಟ್ ಒಡೆದ ಮೇಲೆ ಬೇಸ್ ನುಡಿಸುತ್ತಿದ್ದ ಜಾನಿ ಹೆಡ್‌ಲುಂಡ್ ಬೇರೆಯಾಗಿ ಅನ್‌ಲೀಶ್ಡ್ ಕಟ್ಟಿದ. ಅವರ ಮೊದಲ ಆಲ್ಬಮ್ 'ವೇರ್ ನೋ ಲೈಫ್ ಡ್ವೆಲ್ಸ್' 1991ರಲ್ಲಿ ಬಂತು, ಅದು ಸನ್‌ಲೈಟ್‌ನದ್ದಲ್ಲ, ಜರ್ಮನಿಯಲ್ಲಿ ಮಾಡಿದ್ದು. ಗರಗಸ ಇಲ್ಲ. ಆದರೂ ಅದು ಸ್ವೀಡಿಷ್ ಡೆತ್ ಮೆಟಲ್ ಅಂತ ಯಾರಿಗೂ ಅನುಮಾನ ಬರಲ್ಲ. ಅದಕ್ಕೇ ನಾನು ದಾಸರ ಪಕ್ಷ.

ಹಾಸನದ ಹೆಡ್‌ಬ್ಯಾಂಗರ್:
ಎಲ್ಲರೂ ದಾಸರ ಪಕ್ಷ ಆದರೆ ಚರ್ಚೆ ಹೇಗೆ ಆಗುತ್ತೆ? ನಾನು ಎದುರು ಪಕ್ಷ. ಹಳೆಯ ಕಾಲದಲ್ಲೂ ಎಲ್ಲಾ ಒಂದೇ ಥರ ಇತ್ತು. ನಾವು ನೆನಪಿಟ್ಟುಕೊಂಡಿರೋದು ನಾಲ್ಕೇ ನಾಲ್ಕು ಬ್ಯಾಂಡು. ಅದೇ ಕಾಲದಲ್ಲಿ ಡೆಮೋ ಬಿಟ್ಟು ಮುಚ್ಚಿಹೋದ ಬ್ಯಾಂಡುಗಳನ್ನು ಲೆಕ್ಕ ಹಾಕಿ. ಅದರಲ್ಲಿ ಬೇಕಾದಷ್ಟು ನಕಲು. ಕೆಟ್ಟದ್ದನ್ನು ಕಾಲ ಗುಡಿಸಿಕೊಂಡು ಹೋಗಿದೆ, ಈಗಿನ ಕೆಟ್ಟದ್ದನ್ನು ಇನ್ನೂ ಗುಡಿಸಿಲ್ಲ. ಅಷ್ಟೇ ವ್ಯತ್ಯಾಸ.

ತಂತಿ_ತಮಟೆ:
ಇದರಲ್ಲಿ ಸತ್ಯ ಇದೆ. ಆದರೆ ಆಗಿನ ಸಾಧಾರಣ ಬ್ಯಾಂಡ್ ಕೇಳಿದರೂ ಒಂದು ಅವಸರ ಇತ್ತು. ಹದಿನೇಳು ಹದಿನೆಂಟರ ಹುಡುಗರು, ಏನು ಮಾಡ್ತಿದ್ದೀವಿ ಅಂತ ಅವರಿಗೇ ಗೊತ್ತಿಲ್ಲ. ಈಗ ಎಲ್ಲರಿಗೂ ಚೆನ್ನಾಗಿ ಗೊತ್ತು.

ಉಪ್ಸಾಲಾ_ಕನ್ನಡತಿ:
ನಾನು ಸ್ವೀಡನ್‌ನಲ್ಲೇ ಇದ್ದೇನೆ, ಒಂದೆರಡು ಮಾತು ಸೇರಿಸುತ್ತೇನೆ. ಇಷ್ಟು ಸಣ್ಣ ದೇಶದಲ್ಲಿ ಅಷ್ಟೊಂದು ಬ್ಯಾಂಡು ಹೇಗೆ ಹುಟ್ಟಿದವು ಅಂತ ಬಂದ ಹೊಸದರಲ್ಲಿ ನನಗೂ ಆಶ್ಚರ್ಯ ಆಗುತ್ತಿತ್ತು. ಇಲ್ಲಿ ಊರೂರಿಗೂ ಮುನಿಸಿಪಾಲಿಟಿಯ ಸಂಗೀತ ಶಾಲೆ ಇದೆ, ಮಕ್ಕಳು ಕಡಿಮೆ ಫೀಸಿನಲ್ಲಿ ವಾದ್ಯ ಕಲಿಯುತ್ತಾರೆ. ಅದಕ್ಕಿಂತ ಮುಖ್ಯ ಇಲ್ಲಿನ ಕಲಿಕಾ ಸಂಘಗಳು. ನಾಲ್ಕು ಹುಡುಗರು ಸೇರಿ ನಾವು ಬ್ಯಾಂಡ್ ಅಂದರೆ ಅದನ್ನು ಅಧ್ಯಯನದ ಗುಂಪು ಅಂತ ಬರೆದುಕೊಂಡು ಪ್ರಾಕ್ಟೀಸ್ ಮಾಡಲು ಕೋಣೆ ಕೊಡುತ್ತಾರೆ, ಎಷ್ಟೋ ಕಡೆ ಡ್ರಮ್ ಕಿಟ್ಟು, ಆಂಪ್ ಕೂಡ ಅಲ್ಲೇ ಇರುತ್ತದೆ. ಸರ್ಕಾರದ ಸಹಾಯಧನ ಬರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಹುಡುಗರು ಎಲ್ಲಿಗೆ ಹೋಗಬೇಕು ಹೇಳಿ? ಆ ನೆಲಮಾಳಿಗೆಗೆ ಹೋಗುತ್ತಾರೆ.

ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ನುಡಿಸುವವರು ಒಬ್ಬರದ್ದೊಬ್ಬರು ಕೇಳುತ್ತಾರೆ, ಸಾಮಾನು ಎರವಲು ಕೊಡುತ್ತಾರೆ, ಡ್ರಮ್ಮರ್ ಬರದಿದ್ದರೆ ಪಕ್ಕದ ಕೋಣೆಯವನನ್ನು ಕರೆಯುತ್ತಾರೆ. ಒಂದೇ ಥರ ಕೇಳಿಸುವುದಕ್ಕೆ ಅದೂ ಕಾರಣ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಅದು ಒಂದು ಊರಿನ ದನಿ.

ಗಿಟಾರ್_ಗಿರಿ:
ಅಕ್ಕ, ಕೋಣೆ ಜೊತೆಗೆ ಆಂಪ್ ಕೂಡ ಕೊಡ್ತಾರಾ? ನಾವು ಬಾಡಿಗೆ ಜಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಟ್ಯೂನ್ ಮಾಡೋದರಲ್ಲೇ ಅರ್ಧ ಸಮಯ ಕಳೀತೀವಿ. ಪಕ್ಕದ ಮನೆಯವರು ಬಾಗಿಲು ತಟ್ಟೋದು ಬೇರೆ.

ಉಪ್ಸಾಲಾ_ಕನ್ನಡತಿ:
ಎಲ್ಲಾ ಕಡೆ ಒಂದೇ ಥರ ಇಲ್ಲ ತಮ್ಮ, ಈಗ ಅನುದಾನ ಕಡಿಮೆ ಆಗಿದೆ ಅಂತ ಇಲ್ಲಿನವರೂ ಗೊಣಗುತ್ತಾರೆ. ಆದರೆ ವ್ಯವಸ್ಥೆ ಇದೆ.

ಕರಾವಳಿ_ಕ್ರಸ್ಟ್:
ಅಕ್ಕ ಹೇಳಿದ ಊರಿನ ದನಿ ಅನ್ನೋದನ್ನು ನಾನು ಹಿಡಿದುಕೊಳ್ಳುತ್ತೇನೆ. ನಮ್ಮ ಯಕ್ಷಗಾನ ನೋಡಿ ಮಾರಾಯ್ರೇ. ಬಡಗು ತಿಟ್ಟು ಅಂದರೆ ಅದೇ ಚಂಡೆ, ಅದೇ ಮದ್ದಳೆ, ಅದೇ ಪ್ರಸಂಗ, ಅಜ್ಜನ ಕಾಲದಿಂದ ಅದೇ ಪದ್ಯ. ಹೊರಗಿನವರಿಗೆ ರಾತ್ರಿಯಿಡೀ ಒಂದೇ ಥರ ಕೇಳಿಸುತ್ತದೆ. ನಮಗೆ ಭಾಗವತರು ಬಾಯಿ ತೆರೆದ ಕೂಡಲೇ ಯಾರು ಅಂತ ಗೊತ್ತಾಗುತ್ತದೆ. ಅದೇ ಪದ್ಯವನ್ನು ಇವರು ಎಲ್ಲಿ ಎಳೆದರು, ಅವರು ಎಲ್ಲಿ ನಿಲ್ಲಿಸಿದರು ಅಂತ ಬೆಳಗಾಗುವ ತನಕ ಜಗಳ ಮಾಡುತ್ತೇವೆ. ಯಾರೂ ಹೋಗಿ ನೀವು ಯಾಕೆ ಹೊಸ ವಾದ್ಯ ತರಲಿಲ್ಲ ಅಂತ ಭಾಗವತರನ್ನು ಕೇಳುವುದಿಲ್ಲ.

ಸ್ಟಾಕ್‌ಹೋಮ್ ಸೌಂಡೂ ಒಂದು ತಿಟ್ಟು. ಅದರೊಳಗೆ ಇದ್ದುಕೊಂಡು ಚೆನ್ನಾಗಿ ಮಾಡಿದರೆ ಸಾಕು. ಸ್ವಂತಿಕೆ ಸ್ವಂತಿಕೆ ಅಂತ ಯಾಕೆ ಬಡಿದುಕೊಳ್ಳಬೇಕು?

ಡಿಬೀಟ್_ದಾಸ:
ಚೆನ್ನಾಗಿದೆ, ಆದರೆ ಒಪ್ಪಲ್ಲ. ಯಕ್ಷಗಾನದಲ್ಲಿ ಪ್ರಸಂಗ ಇನ್ನೊಬ್ಬರದ್ದು ಅಂತ ಎಲ್ಲರಿಗೂ ಗೊತ್ತು. ಕಲೆ ಇರೋದು ಆ ರಾತ್ರಿಯ ಪ್ರದರ್ಶನದಲ್ಲಿ. ಇಲ್ಲಿ ಬ್ಯಾಂಡ್ ತಾನೇ ಹಾಡು ಬರೆದೆ ಅಂತ ಹೊಸ ಆಲ್ಬಮ್ ಬಿಡುತ್ತೆ, ನಾವು ದುಡ್ಡು ಕೊಟ್ಟು ತಗೋತೀವಿ. ಒಳಗೆ ನೋಡಿದರೆ 1991ರ ಹಾಡನ್ನೇ ಹಿಂದೆ ಮುಂದೆ ಮಾಡಿರುತ್ತಾರೆ. ಹಳೆಯ ಹಾಡನ್ನೇ ನುಡಿಸೋದಾದರೆ ಕವರ್ ಬ್ಯಾಂಡ್ ಅಂತ ಹೆಸರು ಹಾಕಿ ನುಡಿಸಲಿ, ನಾನೇ ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ.

ಮತ್ತೆ ನೀವೇ ಹೇಳಿದಿರಿ, ಭಾಗವತರು ಬಾಯಿ ತೆರೆದ ಕೂಡಲೇ ಗೊತ್ತಾಗುತ್ತೆ ಅಂತ. ಅದೇ ನನ್ನ ದೂರು. ಇವರು ಬಾಯಿ ತೆರೆದರೂ ಗೊತ್ತಾಗಲ್ಲ.

ಕರಾವಳಿ_ಕ್ರಸ್ಟ್:
ನಿಮಗೆ ಗೊತ್ತಾಗಲ್ಲ. ಲೀಕ್ ಬ್ಯಾಂಡಿನ ಹಾಡುಗಾರ, ಎಂಟ್ರೈಲ್ಸ್ ಹಾಡುಗಾರ, ಇಬ್ಬರೂ ನನಗೆ ಬೇರೆ ಬೇರೆ ಕೇಳಿಸುತ್ತಾರೆ. ಜಾಸ್ತಿ ಕೇಳಿ.

ನಿಶಾಚರ91:
ಹಾಡುಗಾರರ ಮಾತು ಬಂತಲ್ಲ, ಎಂಟೂಮ್ಡ್‌ನ ಎರಡನೇ ಆಲ್ಬಮ್ 'ಕ್ಲಾಂಡೆಸ್ಟೈನ್' ಕಥೆ ಗೊತ್ತಾ? 1991ರದ್ದು. ಆಗ ಹಾಡುಗಾರ ಎಲ್‌ಜಿ ಪೆಟ್ರೋವ್ ಬ್ಯಾಂಡಿನಲ್ಲಿ ಇರಲಿಲ್ಲ. ಆಲ್ಬಮ್ ಮೇಲೆ ಹಾಡಿದ್ದು ಜಾನಿ ಡೋರ್ಡೆವಿಕ್ ಅಂತ ಹಾಕಿದರು. ನಿಜವಾಗಿ ಹಾಡಿದ್ದು ಡ್ರಮ್ಮರ್ ನಿಕೆ! ತಾನೇ ಬಾರಿಸಿ ತಾನೇ ಹಾಡಿದ. ಅದಕ್ಕೂ ಸ್ವಲ್ಪ ಮೊದಲು ಬಂದ 'ಕ್ರಾಲ್' ಅನ್ನೋ ಚಿಕ್ಕ ರೆಕಾರ್ಡಿನಲ್ಲಿ ಹಾಡಿದ್ದು ಇನ್ನೊಂದು ಬ್ಯಾಂಡಿನ ಒರ್ವಾರ್ ಸಾಫ್‌ಸ್ಟ್ರೋಮ್. ಹಾಡುಗಾರ ಬದಲಾದರೂ ಎಂಟೂಮ್ಡ್ ಎಂಟೂಮ್ಡ್ ಥರವೇ ಕೇಳಿಸಿತು ಅಲ್ವಾ? ಅಂದರೆ ಗುರುತು ಇರೋದು ದನಿಯಲ್ಲಲ್ಲ, ಹಾಡು ಬರೆಯುವುದರಲ್ಲಿ.

ಹಾಸನದ ಹೆಡ್‌ಬ್ಯಾಂಗರ್:
ಎಲ್‌ಜಿ ಇಲ್ಲದ ಎಂಟೂಮ್ಡ್ ನನಗೆ ಅರ್ಧ ಎಂಟೂಮ್ಡ್. 2021ರಲ್ಲಿ ಅವರು ತೀರಿಕೊಂಡಾಗ ನಾನು ಎರಡು ದಿನ ಬೇರೆ ಏನೂ ಕೇಳಲಿಲ್ಲ. ಆ ಗಂಟಲು ಇನ್ನೊಬ್ಬರಿಗೆ ಬರಲ್ಲ.

ಕ್ಯಾಸೆಟ್ ಕಾಲ:
ಸನ್‌ಲೈಟ್‌ನಿಂದ ಹೊರಬಂದದ್ದೆಲ್ಲ ಒಂದೇ ಅನ್ನುವವರಿಗೆ ಎರಡು ಉದಾಹರಣೆ. ನಾರ್ವೆಯ ಡಾರ್ಕ್‌ಥ್ರೋನ್ ತನ್ನ ಮೊದಲ ಆಲ್ಬಮ್ 'ಸೋಲ್‌ಸೈಡ್ ಜರ್ನಿ'ಯನ್ನು ಅದೇ ಸನ್‌ಲೈಟ್‌ಗೆ ಬಂದು ಮಾಡಿತು. ಆಮೇಲೆ ಆ ದಾರಿಯನ್ನೇ ಬಿಟ್ಟು ಬ್ಲ್ಯಾಕ್ ಮೆಟಲ್ ಕಡೆ ಹೋಯಿತು. ಫಿನ್ಲೆಂಡಿನ ಅಮೋರ್ಫಿಸ್ ಕೂಡ ಅಲ್ಲಿಗೇ ಬಂತು. 1994ರ 'ಟೇಲ್ಸ್ ಫ್ರಂ ದ ಥೌಸಂಡ್ ಲೇಕ್ಸ್' ಅಲ್ಲೇ ಆಗಿದ್ದು, ಅದನ್ನು ಕೇಳಿ ಯಾರಾದರೂ ಡಿಸ್ಮೆಂಬರ್ ಅಂದುಕೊಳ್ಳುತ್ತಾರಾ? ಸ್ಟುಡಿಯೋ ಒಂದು ಕೋಣೆ ಅಷ್ಟೆ. ಒಳಗೆ ಹೋಗುವಾಗ ಕೈಯಲ್ಲಿ ಏನಿದೆ ಅನ್ನೋದು ಮುಖ್ಯ.

ಫ್ಲಾರಿಡಾದವರ ಮೇಲೂ ಆಗ ಇದೇ ದೂರು ಇತ್ತು. ಟ್ಯಾಂಪಾದ ಮಾರಿಸೌಂಡ್ ಸ್ಟುಡಿಯೋ, ಸ್ಕಾಟ್ ಬರ್ನ್ಸ್ ಕೈಯಲ್ಲಿ ಬಂದದ್ದೆಲ್ಲ ಒಂದೇ ಅಂತ ಜನ ಬೇಸರ ಮಾಡಿಕೊಂಡರು. ಆದರೆ ಅಲ್ಲಿನ ಬ್ಯಾಂಡುಗಳಾದ ಒಬಿಟ್ಯುವರಿ ಮತ್ತು ಡಿಯಿಸೈಡ್ ಒಂದೇ ಅಂತ ಹೇಳುವವರು ಯಾರಿದ್ದಾರೆ?

ತಂತಿ_ತಮಟೆ:
ಮಧ್ಯೆ ಒಂದು ಪ್ರಶ್ನೆ. ಡಿಸ್ಮೆಂಬರ್ ಮೇಲೆ ಇಂಗ್ಲೆಂಡಿನಲ್ಲಿ ಕೇಸು ಆಗಿತ್ತಂತೆ, ನಿಜವಾ?

ನಿಶಾಚರ91:
ನಿಜ. 'ಲೈಕ್ ಆನ್ ಎವರ್ ಫ್ಲೋಯಿಂಗ್ ಸ್ಟ್ರೀಮ್' ಆಲ್ಬಮ್‌ನ ಪ್ರತಿಗಳನ್ನು ಬ್ರಿಟಿಷ್ ಕಸ್ಟಮ್ಸ್‌ನವರು ಹಿಡಿದರು. ಹೆಂಗಸಿನ ಕೊಲೆಯ ಬಗ್ಗೆ ಇರುವ ಒಂದು ಹಾಡು ಅಶ್ಲೀಲ ಅಂತ ಆರೋಪ. ಕೋರ್ಟಿನಲ್ಲಿ ಬ್ಯಾಂಡ್ ಪರವಾಗಿ ತೀರ್ಪು ಬಂತು. 1993ರಲ್ಲಿ ಅವರು ಬಿಟ್ಟ ಆಲ್ಬಮ್‌ಗೆ 'ಇಂಡೀಸೆಂಟ್ ಆಂಡ್ ಆಬ್ಸೀನ್' ಅಂತಲೇ ಹೆಸರಿಟ್ಟರು!

ಉಪ್ಸಾಲಾ_ಕನ್ನಡತಿ:
ಆ ಹಾಡಿನ ಸಾಹಿತ್ಯ ನನಗೆ ಇವತ್ತಿಗೂ ಇಷ್ಟ ಇಲ್ಲ. ನಿಷೇಧ ಮಾಡಬಾರದು, ಒಪ್ಪುತ್ತೇನೆ. ಆದರೆ ಹೊಸ ಬ್ಯಾಂಡುಗಳು ಅದನ್ನೂ ಸೇರಿಸಿ ನಕಲು ಮಾಡುವುದು ನೋಡಿದರೆ ಸಿಟ್ಟು ಬರುತ್ತದೆ. ಹದಿಹರೆಯದ ಹುಡುಗರು ಬರೆದದ್ದನ್ನು ನಲವತ್ತು ದಾಟಿದವರು ಮತ್ತೆ ಬರೆಯುವುದಕ್ಕೆ ಏನು ಸಮರ್ಥನೆ ಇದೆ? ಸೌಂಡಿನ ಏಕತಾನತೆಗಿಂತ ನನಗೆ ಇದೇ ಜಾಸ್ತಿ ಬೇಸರ. ಸಾವಿನ ಬಗ್ಗೆ ಇಷ್ಟು ಹಾಡುಗಳಿವೆ, ಅದರಲ್ಲಿ ನಿಜವಾಗಿ ಒಬ್ಬರನ್ನು ಕಳೆದುಕೊಂಡವರ ದುಃಖ ಎಷ್ಟು ಹಾಡಿನಲ್ಲಿದೆ?

ಡಿಬೀಟ್_ದಾಸ:
ಅಕ್ಕ, ಇದು ಯಾರೂ ಹೇಳದ ಮಾತು. ಪೂರ್ತಿ ಒಪ್ಪಿಗೆ.

ಹಾಸನದ ಹೆಡ್‌ಬ್ಯಾಂಗರ್:
ಸ್ವೀಡನ್‌ನ ಇನ್ನೊಂದು ಊರು ಗೋಥೆನ್‌ಬರ್ಗ್, ಅಲ್ಲಿನ ಬ್ಯಾಂಡುಗಳ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಏಕತಾನತೆಯ ತವರುಮನೆ ಅದು. ಸ್ಟಾಕ್‌ಹೋಮ್‌ನಲ್ಲಾದರೂ ಕೊಳಕು ಇತ್ತು. ಅಲ್ಲಿ ಎಲ್ಲಾ ನೀಟು. ಎರಡು ಗಿಟಾರ್ ಸೇರಿ ಐರನ್ ಮೇಡನ್ ಥರ ಜೋಡಿ ರಾಗ, ಮೇಲೆ ಕಿರುಚಾಟ. ಇನ್ ಫ್ಲೇಮ್ಸ್ ಮತ್ತು ಡಾರ್ಕ್ ಟ್ರಾಂಕ್ವಿಲಿಟಿ ಹಾಡುಗಾರರನ್ನೇ ಅದಲು ಬದಲು ಮಾಡಿಕೊಂಡರು ಅಂದ ಮೇಲೆ ಇನ್ನೇನು ಹೇಳಲಿ!

ಗಿಟಾರ್_ಗಿರಿ:
ಏ, ಅಲ್ಲಿ ಸ್ವಲ್ಪ ನಿಧಾನ. ಅದಲು ಬದಲು ಆಗಿದ್ದು ನಿಜ. 1993ರ 'ಸ್ಕೈಡಾನ್ಸರ್'ನಲ್ಲಿ ಡಾರ್ಕ್ ಟ್ರಾಂಕ್ವಿಲಿಟಿಗೆ ಹಾಡಿದ್ದು ಆಂಡರ್ಸ್ ಫ್ರೀಡೆನ್, 1994ರ 'ಲೂನಾರ್ ಸ್ಟ್ರೇನ್'ನಲ್ಲಿ ಇನ್ ಫ್ಲೇಮ್ಸ್‌ಗೆ ಹಾಡಿದ್ದು ಮಿಕಾಯೆಲ್ ಸ್ಟಾನೆ. ಆಮೇಲೆ ಆ ಕಡೆಯವರು ಈ ಕಡೆ. ಆದರೆ ಅದಾದ ಮೇಲಿನ 'ದ ಗ್ಯಾಲರಿ' ಮತ್ತು 'ದ ಜೆಸ್ಟರ್ ರೇಸ್' ಕೇಳಿ ಒಂದೇ ಅಂದರೆ ನಾನು ಒಪ್ಪಲ್ಲ. ಮೊದಲನೆಯದು ಜಟಿಲ, ಹತ್ತು ಕಡೆ ತಿರುಗುತ್ತೆ. ಎರಡನೆಯದು ಹಾಡಿಕೊಳ್ಳಬಹುದಾದ ರಾಗ.

ಅಲ್ಲಿನದೇ ಅಟ್ ದ ಗೇಟ್ಸ್ ಬ್ಯಾಂಡ್ ತಗೊಳ್ಳಿ. 1992ರ ಮೊದಲ ಆಲ್ಬಮ್‌ನಲ್ಲಿ ಪಿಟೀಲು ಇತ್ತು! ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಎಲ್ಲಿಂದ ಎಲ್ಲಿಗೋ ಹಾರುತ್ತಿದ್ದವು. ಹಾಗೆ ಬರೆಯುತ್ತಿದ್ದ ಆಲ್ಫ್ ಸ್ವೆನ್ಸನ್ ಬಿಟ್ಟುಹೋದ ಮೇಲೆ, 1995ರಲ್ಲಿ 'ಸ್ಲಾಟರ್ ಆಫ್ ದ ಸೋಲ್'. ಎಲ್ಲವನ್ನೂ ಕತ್ತರಿಸಿ ಕತ್ತರಿಸಿ ಮೂವತ್ತೈದು ನಿಮಿಷಕ್ಕೂ ಕಡಿಮೆಗೆ ಇಳಿಸಿದರು. ಒಂದು ಹೆಚ್ಚಿನ ಸೆಕೆಂಡ್ ಇಲ್ಲ. ಮರುವರ್ಷ ಬ್ಯಾಂಡೇ ಒಡೆಯಿತು.

ಡಿಬೀಟ್_ದಾಸ:
ಆ ಆಲ್ಬಮ್ಮೇ ನನ್ನ ಮಾತಿಗೆ ಸಾಕ್ಷಿ. ಅಮೆರಿಕದ ಮೆಟಲ್‌ಕೋರ್ (ಮೆಟಲ್, ಹಾರ್ಡ್‌ಕೋರ್ ಬೆರೆತ ಶೈಲಿ) ಬ್ಯಾಂಡುಗಳು 2000ದ ನಂತರ ಅದರಿಂದ ರಿಫ್ ತಗೊಂಡು ತಗೊಂಡು, ಕೊನೆಗೆ ಮೂಲ ಕೇಳಿದ ಹುಡುಗರಿಗೆ ಇದರಲ್ಲೇನಿದೆ ವಿಶೇಷ ಅನ್ನಿಸೋ ಹಾಗೆ ಮಾಡಿಬಿಟ್ಟರು. ನಕಲು ಮಾಡುವವರು ನಕಲನ್ನಷ್ಟೇ ಹಾಳು ಮಾಡಲ್ಲ, ಅಸಲನ್ನೂ ಸವೆಸುತ್ತಾರೆ. ಅದರ ಹಾಡುಗಾರ ಟೊಮಾಸ್ ಲಿಂಡ್‌ಬರ್ಗ್ ಗಂಟಲು ಕಿತ್ತುಬರೋ ಹಾಗೆ ಕೂಗಿದ್ದು ಮಾತ್ರ ಯಾರಿಗೂ ಸಿಗಲಿಲ್ಲ.

ಕರಾವಳಿ_ಕ್ರಸ್ಟ್:
ಲಿಂಡ್‌ಬರ್ಗ್ ಕೂಡ ಮೂಲತಃ ಪಂಕ್ ಮನುಷ್ಯ. ಡಿಸ್‌ಫಿಯರ್ ಬ್ಯಾಂಡಿನಲ್ಲಿ ಹಾಡಿದ್ದು ಕೇಳಿ. ಕೊನೆಗೆ ಎಲ್ಲಾ ದಾರಿ ಡಿಸ್ಚಾರ್ಜ್‌ಗೇ ಹೋಗುತ್ತದೆ.

ಮೈಸೂರು_ಮೆಲೋಡಿ:
ನಾನು ಹೊಸಬ, ಓಪೆತ್ ಬ್ಯಾಂಡ್ ಮೂಲಕ ಇಲ್ಲಿಗೆ ಬಂದವನು. ಓಪೆತ್ ಸ್ವೀಡಿಷ್ ಡೆತ್ ಮೆಟಲ್ ಅಲ್ವಾ? ಅದು ಯಾರ ಥರವೂ ಇಲ್ಲವಲ್ಲ.

ನಿಶಾಚರ91:
ಬನ್ನಿ ಬನ್ನಿ. ಓಪೆತ್ ಸ್ಟಾಕ್‌ಹೋಮ್‌ನದ್ದೇ, ಆದರೆ ಮೊದಲ ಆಲ್ಬಮ್ 'ಆರ್ಕಿಡ್' 1995ರಲ್ಲಿ ಬರುವ ಹೊತ್ತಿಗೆ ಮೊದಲ ಅಲೆ ಇಳಿದಿತ್ತು. ಅದನ್ನು ರೆಕಾರ್ಡ್ ಮಾಡಿದ್ದು ಡಾನ್ ಸ್ವಾನೋ. ಆತನದ್ದೇ ಎಡ್ಜ್ ಆಫ್ ಸ್ಯಾನಿಟಿ ಅಂತ ಬ್ಯಾಂಡ್ ಇತ್ತು. 1996ರ 'ಕ್ರಿಮ್ಸನ್' ಕೇಳಿ, ಇಡೀ ಆಲ್ಬಮ್ ಒಂದೇ ಹಾಡು, ನಲವತ್ತು ನಿಮಿಷ. ಓಪೆತ್‌ನ ಮಿಕಾಯೆಲ್ ಓಕರ್‌ಫೆಲ್ಟ್ ಅದರಲ್ಲಿ ಅತಿಥಿಯಾಗಿ ಹಾಡಿದ್ದಾರೆ.

ಇನ್ನೂ ಮಜಾ ಏನು ಗೊತ್ತಾ? ಇಷ್ಟೊಂದು ಬೇರೆ ಥರ ಬರೆಯುವ ಇವರಿಬ್ಬರೂ ಕಾಟಾಟೋನಿಯಾ ಬ್ಯಾಂಡಿನ ಇಬ್ಬರ ಜೊತೆ ಸೇರಿ ಬ್ಲಡ್‌ಬಾತ್ ಅಂತ ಬ್ಯಾಂಡ್ ಮಾಡಿದರು, ಬರೀ ಹಳೆಯ ಗರಗಸದ ಸೌಂಡ್ ನುಡಿಸುವುದಕ್ಕೆ! 2002ರ ಅವರ ಮೊದಲ ಪೂರ್ತಿ ಆಲ್ಬಮ್ ಕೇಳಿ. ಸ್ವಂತಿಕೆ ಬೇಕಾದಷ್ಟು ಇದ್ದವರೇ ಹಳೆಯದನ್ನು ಹಾಗೇ ನುಡಿಸಲು ಆಸೆಪಟ್ಟರು.

ಡಿಬೀಟ್_ದಾಸ:
ಸಮಸ್ಯೆ ಶುರುವಾಗಿದ್ದು ಕೂಡ ಅಲ್ಲಿಂದಲೇ. ಬ್ಲಡ್‌ಬಾತ್ ಪ್ರೀತಿಯಿಂದ ಮಾಡಿದ್ದು, ಆಲ್ಬಮ್ ಚೆನ್ನಾಗಿಯೂ ಇದೆ. ಆದರೆ ಅದನ್ನು ನೋಡಿ ಇದೇ ಒಂದು ಪೂರ್ಣಾವಧಿ ಕೆಲಸ ಅಂತ ಮಿಕ್ಕವರು ಅಂದುಕೊಂಡರು.

ಗಿಟಾರ್_ಗಿರಿ:
ರೋಗಾ ಜೊಹಾನ್ಸನ್ ಹೆಸರು ಇನ್ನೂ ಬಂದಿಲ್ಲ! ಪಗನೈಜರ್, ರಿಬ್‌ಸ್ಪ್ರೆಡರ್, ರಿವೋಲ್ಟಿಂಗ್, ಒಬ್ಬನೇ ಮನುಷ್ಯ ಎಷ್ಟು ಬ್ಯಾಂಡು ನಡೆಸುತ್ತಾನೆ ಅಂತ ಲೆಕ್ಕ ಇಡೋದೇ ಕಷ್ಟ. ಎಲ್ಲಾ ಹೆಚ್ಚುಕಮ್ಮಿ ಅದೇ ಸೌಂಡು. ನನಗೆ ಖುಷಿ ಕೊಡುತ್ತೆ, ಹೇಳಿಬಿಡ್ತೀನಿ. ಕೆಲಸದಿಂದ ಬಂದು ಹಾಕಿಕೊಂಡರೆ ತಲೆ ಹಗುರ ಆಗುತ್ತೆ. ಪ್ರತಿ ಸಲ ಪ್ರಪಂಚ ತಲೆಕೆಳಗಾಗಬೇಕು ಅಂತ ಯಾಕೆ ಕೇಳೋದು?

ಕರಾವಳಿ_ಕ್ರಸ್ಟ್:
ಇದನ್ನೇ ನಾನು ಹೇಳಿದ್ದು.

ಕ್ಯಾಸೆಟ್ ಕಾಲ:
ಖುಷಿಯ ಬಗ್ಗೆ ಯಾರದ್ದೂ ತಕರಾರಿಲ್ಲ ಗಿರಿ. ಆದರೆ ಮೂಲ ಬ್ಯಾಂಡುಗಳು ತಮ್ಮನ್ನು ತಾವೇ ನಕಲು ಮಾಡಲು ಒಪ್ಪಲಿಲ್ಲ ಅನ್ನೋದು ನೆನಪಿರಲಿ. ಎಂಟೂಮ್ಡ್ 1993ರಲ್ಲಿ 'ವುಲ್ವರಿನ್ ಬ್ಲೂಸ್' ಬಿಟ್ಟಿತು. ಗರಗಸ ಅದೇ, ಹಾಡು ಪೂರಾ ರಾಕ್. ಹಳೆಯ ಅಭಿಮಾನಿಗಳು ದ್ರೋಹ ಅಂತ ಕೂಗಿದರು. ಎರಡೇ ವರ್ಷದ ಹಿಂದೆ ಕೈಯಲ್ಲಿದ್ದ ಯಶಸ್ಸನ್ನು ಪಕ್ಕಕ್ಕೆ ಇಟ್ಟು ಬೇರೆ ಕಡೆ ಹೊರಟಿದ್ದರು. ಈಗ ಅದಕ್ಕೂ ಒಂದು ರಾಶಿ ನಕಲು ಇದೆ, ಆ ಮಾತು ಬೇರೆ.

ತಂತಿ_ತಮಟೆ:
ಸರಿ, ಹಾಗಾದರೆ ಈಚಿನ ಬ್ಯಾಂಡುಗಳಲ್ಲಿ ನಿಜವಾಗಿ ಬೇರೆ ಅನ್ನಿಸೋದು ಯಾವುದು? ಸುಮ್ನೆ ಬೈದು ಮುಗಿಸೋದು ಬೇಡ.

ಡಿಬೀಟ್_ದಾಸ:
ಮೋರ್ಬಸ್ ಕ್ರಾನ್. ಸ್ಟಾಕ್‌ಹೋಮ್ ಹುಡುಗರು. 2011ರ ಮೊದಲ ಆಲ್ಬಮ್ ಹಳೆಯ ಕೊಳಕು ಡೆತ್ ಮೆಟಲ್. 2014ರ 'ಸ್ವೆವೆನ್' ಕೇಳಿದರೆ ಅದೇ ಬ್ಯಾಂಡಾ ಅಂತ ಅನ್ನಿಸುತ್ತೆ. ಗಿಟಾರ್ ಗರಗಸ ಅಲ್ಲ, ತಂತಿಯ ದನಿ ತಂತಿಯ ಥರ ಕೇಳಿಸುತ್ತೆ. ಹಾಡುಗಳು ಜ್ವರದ ಕನಸಿನಲ್ಲಿ ನಡೆದ ಹಾಗೆ ಎಲ್ಲೋ ಶುರುವಾಗಿ ಎಲ್ಲೋ ತಲುಪುತ್ತವೆ. ಡ್ರಮ್ಸ್ ಉಸಿರಾಡುತ್ತೆ. ಒಂದು ಸಲ ಕೇಳಿದರೆ ಅರ್ಥ ಆಗಲ್ಲ. ಮಾರನೇ ವರ್ಷವೇ ಬ್ಯಾಂಡ್ ನಿಲ್ಲಿಸಿಬಿಟ್ಟರು. ಹಳೆಯವರಿಂದ ಇವರು ಪೆಡಲ್ ತಗೊಳ್ಳಲಿಲ್ಲ, ಧೈರ್ಯ ತಗೊಂಡರು.

ಉಪ್ಸಾಲಾ_ಕನ್ನಡತಿ:
ಟ್ರಿಬ್ಯುಲೇಷನ್ ಕೂಡ ಸೇರಿಸಿ. ಆರ್ವಿಕಾ ಅನ್ನೋ ಸಣ್ಣ ಊರಿನವರು. 2009ರ 'ದ ಹಾರರ್' ನೇರ ಡೆತ್ ಮೆಟಲ್, 2015ರ 'ಚಿಲ್ಡ್ರನ್ ಆಫ್ ದ ನೈಟ್' ಹೊತ್ತಿಗೆ ಗಾಥಿಕ್ ಆಗಿಬಿಟ್ಟಿದ್ದರು. ಲೈವ್ ನೋಡಿದ್ದೇನೆ, ವೇದಿಕೆಯ ಮೇಲೆ ಗಿಟಾರ್ ಹಿಡಿದು ಕುಣಿಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಗಡ್ಡದ ಮನುಷ್ಯ ಇದು ಮೆಟಲ್ ಅಲ್ಲ ಅಂತ ಗೊಣಗುತ್ತಲೇ ಇದ್ದ, ಆದರೆ ಕೊನೆಯ ಹಾಡಿನವರೆಗೂ ಅಲ್ಲಾಡಲಿಲ್ಲ.

ನಿಶಾಚರ91:
ರಿಪಗ್ನೆಂಟ್ ಕೇಳಿದ್ದೀರಾ? ಹಳೆಯ ಶೈಲಿಯೇ, ಆದರೆ ಸತ್ವ ಇದೆ. ಅದರಲ್ಲಿ ಹಾಡಿದ ಟೋಬಿಯಾಸ್ ಫೋರ್ಜ್ ಆಮೇಲೆ ಘೋಸ್ಟ್ ಬ್ಯಾಂಡ್ ಕಟ್ಟಿದ. ಹೌದು, ಆ ಪೋಪ್ ವೇಷದ ಘೋಸ್ಟ್!

ಮೈಸೂರು_ಮೆಲೋಡಿ:
ಏನು?! ಘೋಸ್ಟ್‌ನವರು ಡೆತ್ ಮೆಟಲ್ ಮಾಡ್ತಿದ್ರಾ? ಈಗಲೇ ಹುಡುಕ್ತೀನಿ.

ಹಾಸನದ ಹೆಡ್‌ಬ್ಯಾಂಗರ್:
ಘೋಸ್ಟ್ ಬಗ್ಗೆ ಶುರು ಮಾಡಬೇಡಿ ದಯವಿಟ್ಟು, ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ನಾನು ಈಗಾಗಲೇ ಜಗಳ ಆಡುತ್ತಿದ್ದೇನೆ.

'ಸ್ವೆವೆನ್' ಈಗ ಅರ್ಧ ಕೇಳಿದೆ. ದಾಸರೇ, ಇದರಲ್ಲಿ ರಿಫ್ ಎಲ್ಲಿದೆ? ತಲೆ ಅಲ್ಲಾಡಿಸಲು ಹೋದರೆ ನಡುವೆಯೇ ಬೀಟ್ ಬದಲಾಗುತ್ತೆ. ನನಗೆ ಗ್ರೇವ್ ಸಾಕು. 'ಇನ್ಟು ದ ಗ್ರೇವ್' ಹಾಕಿದರೆ ಎರಡೇ ರಿಫ್‌ನಲ್ಲಿ ಗೋಡೆ ಬೀಳುತ್ತೆ.

ಡಿಬೀಟ್_ದಾಸ:
ಇನ್ನರ್ಧ ಕೇಳಿ, ಹೆಡ್‌ಫೋನ್ ಹಾಕಿಕೊಂಡು, ಆಮೇಲೆ ಬಂದು ಬೈಯಿರಿ. ಮತ್ತೆ ಗ್ರೇವ್ ಸರಳ ಅಂತ ನೀವು ಹೇಳಿದ್ದೇ ನನ್ನ ವಾದ. ಗೋಟ್‌ಲ್ಯಾಂಡ್ ದ್ವೀಪದಿಂದ ಬಂದವರು, ಅದೇ ಸನ್‌ಲೈಟ್, ಆದರೆ ಎಂಟೂಮ್ಡ್ ಓಡುವ ಕಡೆ ಇವರು ನಿಧಾನಕ್ಕೆ ತುಳಿದರು. ಅದು ಅವರ ಆಯ್ಕೆ. ಹೊಸಬರಲ್ಲಿ ನನಗೆ ಕಾಣದೇ ಇರೋದು ಆ ಆಯ್ಕೆ.

ಗಿಟಾರ್_ಗಿರಿ:
ಯಾರ ಹತ್ತಿರವಾದರೂ ಹಳೆಯ ಜಪಾನ್ ಎಚ್‌ಎಂ-2 ಇದ್ದರೆ ತಿಳಿಸಿ. ಕೊಳ್ಳೋಕಲ್ಲ, ಹೊಸ ಮಾಡೆಲ್ ಜೊತೆ ಇಟ್ಟು ಒಂದೇ ರಿಫ್ ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀನಿ. ಯಾವುದು ಯಾವುದು ಅಂತ ನೀವೇ ಹೇಳಿ.

ಕರಾವಳಿ_ಕ್ರಸ್ಟ್:
ಮಂಗಳೂರಿನಲ್ಲಿ ನನ್ನ ಸ್ನೇಹಿತನ ಹತ್ತಿರ ಒಂದಿದೆ, ಬ್ಯಾಟರಿ ಮುಚ್ಚಳ ಇಲ್ಲ, ಕೆಲಸ ಮಾಡುತ್ತದೆ. ಮೆಸೇಜ್ ಮಾಡಿ. ಡ್ರಮ್ಸ್ ಮಾತ್ರ ಮನುಷ್ಯರೇ ಬಾರಿಸಬೇಕು, ಇಲ್ಲದಿದ್ದರೆ ದಾಸರು ಬಿಡುವುದಿಲ್ಲ.